ತೆರಕಣಾಂಬಿಯಲ್ಲಿ ಇಳಿಯಬೇಕಾಗಿದ್ದ ಕೂಸು

ಚಾಮರಾಜನಗರದ ಖಾಸಗಿ ಬಸ್ಸುಗಳು ನಿಲ್ಲುವ ಜಾಗದಲ್ಲಿ ಒಂದು ಕಬ್ಬಿಣದ ಮೇಜು, ಅದರ ಮೇಲೊಂದು ಉದ್ದನೆಯ ಪುಸ್ತಕ, ಪುಸ್ತಕದ ಹಿಂದೆ ಕೊರಳಿಗೆ ಸೀಟಿ ನೇತುಹಾಕಿಕೊಂಡ ಸೋಮೇಶ. ಹನ್ನೊಂದು ವರ್ಷದಿಂದ ಅವನು ಅಲ್ಲಿ ಟೈಂ ಕೀಪರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವುದು, ಹೊತ್ತು ಮೀರಿಯೂ ಜನ ತುಂಬಿಕೊಳ್ಳುತ್ತ ನಿಂತ ಡ್ರೈವರನ ಕಿವಿ ಹರಿಯುವಂತೆ ಸೀಟಿ ಊದುವುದು ಅವನ ಕೆಲಸ. ಮುಂದಿನ ಬಸ್ಸಿನವನು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನವನಿಗೆ ಸೇರಬೇಕಾದ ಜನವೆಲ್ಲ ಅವನ ಪಾಲು. ಆ ಎರಡು ನಿಮಿಷಕ್ಕಾಗಿ ಡ್ರೈವರುಗಳು ಕೊರಳಪಟ್ಟಿ ಹಿಡಿದುಕೊಂಡದ್ದೂ ಉಂಟು. ಅಂಥ ಕಡೆ ಸೋಮೇಶನ ಮಾತೇ ಕೊನೆಯ ಮಾತು.

"ನಾಕು ಇಪ್ಪತ್ತು ಅಂದ್ರೆ ನಾಕು ಇಪ್ಪತ್ತೇ ಕಣ. ಇಪ್ಪತ್ತೊಂದಾದ್ರೆ ಅದು ನಿನ್ ಬಸ್ಸಲ್ಲ, ಎತ್ತಿನ ಗಾಡಿ" ಎನ್ನುತ್ತಿದ್ದ.

ಊರಿಗೆಲ್ಲ ನಿಮಿಷ ಹಂಚಿದ ಈ ಪುಣ್ಯಾತ್ಮ ಹರದನಹಳ್ಳಿಯ ತನ್ನ ಮನೆಗೆ ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ಹೆಂಡತಿಯ ಸೀಮಂತಕ್ಕೆ ಬಂದಾಗ ಆರತಿಯ ದೀಪ ಆರಿತ್ತು. ಮಗಳಿಗೆ ಲಿಂಗ ಕಟ್ಟಲು ಅಯ್ಯನವರು ಬಂದ ದಿನ, ಅಪ್ಪ ಕೂರಬೇಕಾದ ಮಣೆಯ ಮೇಲೆ ಚಿಕ್ಕಪ್ಪ ಕೂತು ಎದ್ದಿದ್ದ. ಕೂಸಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ, ಸೋಮೇಶ ಬರುವಷ್ಟರಲ್ಲಿ ಜ್ವರವೇ ಬಿಟ್ಟು ಹೋಗಿತ್ತು. ಕೇಳಿದರೆ, "ಡ್ಯೂಟಿ ಬುಟ್ಟು ಬರಕಾಯ್ತದಾ?" ಎನ್ನುತ್ತಿದ್ದ. ರಜೆ ಕೇಳುವುದು ಅವನ ಮಟ್ಟಿಗೆ ತಿರುಪೆ ಎತ್ತಿದ ಹಾಗೆ. ತಾನು ಒಂದು ದಿನ ಮೇಜಿನ ಹಿಂದೆ ಇಲ್ಲದಿದ್ದರೆ ಗುಂಡ್ಲುಪೇಟೆ, ಕೊಳ್ಳೇಗಾಲ, ನಂಜನಗೂಡು ಮೂರೂ ದಿಕ್ಕಿನ ರಸ್ತೆಗಳು ಮುಚ್ಚಿಹೋಗುತ್ತವೆ ಎಂದು ಅವನು ಮನಸಾರೆ ನಂಬಿದ್ದ.

ಒಂಬತ್ತು ವರ್ಷ ಕಾದು ಕಾವ್ಯಶ್ರೀ ಎರಡು ಬ್ಯಾಗು ಮತ್ತು ಮಗಳ ಜೊತೆ ಗುಂಡ್ಲುಪೇಟೆಗೆ ಹೋದಳು. ಅಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಹಿಡಿದು, ತನ್ನ ತಾಯಿ ಯಶೋದಮ್ಮನನ್ನು ಕರೆಸಿಕೊಂಡು, ಒಂದು ಬಾಡಿಗೆ ಮಹಡಿಯಲ್ಲಿ ಒಲೆ ಹೂಡಿದಳು. ಸೋಮೇಶ ಕುಡಿಯುವವನಲ್ಲ, ಹೊಡೆಯುವವನಲ್ಲ. ಆದ್ದರಿಂದ ಅವಳು ಹೋಗಲು ಕಾರಣವೇ ಇಲ್ಲವೆಂದು ಹರದನಹಳ್ಳಿ ಒಮ್ಮತದಿಂದ ತೀರ್ಮಾನಿಸಿತು. ಕಾರಣ ಇಲ್ಲವೆಂದ ಮೇಲೆ ಒಂದನ್ನು ಹುಡುಕಬೇಕಲ್ಲ. ಕೆಲವರು ಮೊಬೈಲು ಎಂದರು, ಕೆಲವರು ಓದಿದ ಕೊಬ್ಬು ಎಂದರು. ಸೋಮೇಶನ ದೊಡ್ಡಪ್ಪ ಮರಿಮಲ್ಲಪ್ಪನವರು ಅಡುಗೆಮನೆಯ ಬಾಗಿಲು ತೆಂಕಣಕ್ಕೆ ಇರುವುದೇ ಮೂಲ ಎಂದು ಬಾಗಿಲು ಕೀಳಿಸಿ ಹಾಕಿಸಲು ಬಡಗಿಯನ್ನೂ ಕರೆತಂದರು. ಕಾವ್ಯಶ್ರೀಯನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ. ಆಮೇಲೆ ಜಗಲಿಯಲ್ಲಿ ಕೂತು ಆಡಲು ಮಾತೇನು ಉಳಿಯುತ್ತದೆ?

ವಿಷಯ ಕೋರ್ಟಿನ ಮೆಟ್ಟಿಲು ಹತ್ತಿ, ಅಲ್ಲಿಂದ ಸಂಧಾನಕ್ಕೆಂದು ವಕೀಲೆ ನಾಗಲಕ್ಷ್ಮಿಯವರ ಮೇಜಿಗೆ ಬಂತು. ಅವರು ಇಬ್ಬರ ಮಾತನ್ನೂ ಕೇಳಿ ಒಂದು ಹಾಳೆಯಲ್ಲಿ ಏರ್ಪಾಡು ಬರೆದರು. ಮಗಳು ಶಿವರಂಜನಿ, ಏಳು ವರ್ಷ, ಶಾಲೆಯ ದಿನಗಳಲ್ಲಿ ತಾಯಿಯ ಹತ್ತಿರ. ಶನಿವಾರ ಮಧ್ಯಾಹ್ನ ಒಂದು ಗಂಟೆಯಿಂದ ಭಾನುವಾರ ಸಂಜೆ ಐದರವರೆಗೆ ತಂದೆಯ ಹತ್ತಿರ. ಎರಡು ಊರಿಗೂ ನಡುವಿನ ತೆರಕಣಾಂಬಿಯ ಬೇಕರಿಯ ಮುಂದೆ ಕೈಯಿಂದ ಕೈಗೆ ಒಪ್ಪಿಸಬೇಕು. ಬೇರೆ ಯಾರ ಕೈಗೂ ಕೊಡುವಂತಿಲ್ಲ. ಹೊತ್ತು ಬದಲಾಗುವುದಾದರೆ ಮಧ್ಯಾಹ್ನದೊಳಗೆ ಫೋನ್ ಮಾಡಿ ತಿಳಿಸಬೇಕು.

"ನೋಡಿ ಸೋಮೇಶ್, ಇದು ಪರೀಕ್ಷೆಗೆ ಅಂತ ಮಾಡಿರೋ ಏರ್ಪಾಡು. ಒಂದು ಸಲ ತಪ್ಪಿದ್ರೂ ರಾತ್ರಿ ಉಳಿಸಿಕೊಳ್ಳೋದು ನಿಲ್ಲುತ್ತೆ. ಆಮೇಲೆ ನೀವೇ ಗುಂಡ್ಲುಪೇಟೆಗೆ ಹೋಗಿ ಮಗೂನ ನೋಡ್ಕೊಂಡು ಬರಬೇಕಾಗುತ್ತೆ" ಎಂದರು ನಾಗಲಕ್ಷ್ಮಿ.

ಸೋಮೇಶನಿಗೆ ನಗು ಬಂತು. ಹೊತ್ತು ತಪ್ಪುವ ಮಾತನ್ನು ಯಾರಿಗೆ ಹೇಳುತ್ತಿದ್ದಾರೆ ಈಯಮ್ಮ ಎಂದುಕೊಂಡ. ಆದರೆ ಆ ಶನಿವಾರದ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಕೂತದ್ದು ನಿಜ. ಮನೆ ಖಾಲಿಯಾದ ಮೇಲೆ ಅವನಿಗೆ ಗೊತ್ತಾದ ಒಂದೇ ಸಂಗತಿಯೆಂದರೆ, ಕೂಸು ಮಗ್ಗುಲಲ್ಲಿ ಮಲಗಿ ಕಾಲು ಎತ್ತಿ ಹೊಟ್ಟೆಯ ಮೇಲೆ ಹಾಕಿದರೆ ಮಾತ್ರ ತನಗೆ ನಿದ್ದೆ ಬರುತ್ತದೆ ಎನ್ನುವುದು. ವಾರದ ಆರು ರಾತ್ರಿ ಹೊರಳಾಡಿದರೂ ಏಳನೆಯದಕ್ಕಾದರೂ ನಿದ್ದೆ ಮಾಡಬಹುದು ಎಂದುಕೊಂಡ.

ಏರ್ಪಾಡು ಶುರುವಾಯಿತು. ಸೋಮೇಶ ರಜೆ ಕೇಳಲಿಲ್ಲ. ಜೊತೆಗಾರ ಟೈಂ ಕೀಪರ್ ಪುಟ್ಟರಾಜುವಿನ ಕೈಕಾಲು ಹಿಡಿದು ಶನಿವಾರ, ಭಾನುವಾರ ಅವನನ್ನು ಕೂರಿಸಿ, ಬದಲಿಗೆ ಅವನ ಸೋಮವಾರ, ಮಂಗಳವಾರವನ್ನು ತಾನು ಹೊತ್ತುಕೊಂಡ. ಗಂಡ ಹೆಂಡತಿ ಫೋನಿನಲ್ಲಿ ಮಾತಾಡುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಇಬ್ಬರೂ ಹಠಕ್ಕೆ ಬಿದ್ದಿದ್ದರು. ಎಲ್ಲ ಬರೀ ಮೆಸೇಜು. ಒಂಬತ್ತು ವರ್ಷ "ರೀ" ಎಂದು ಕರೆದವಳು ಈಗ "ಸೋಮೇಶ್ ಅವರ ಗಮನಕ್ಕೆ" ಎಂದು ಶುರು ಮಾಡಿ "ಮಗುವಿಗೆ ಕೆಮ್ಮು ಇದೆ, ಐಸ್ ಕ್ರೀಂ ಬೇಡ" ಎಂದು ಮುಗಿಸುತ್ತಿದ್ದಳು. ಅವನು ಇನ್ನೂ ಚುರುಕು. ಒಂದು ಶನಿವಾರ ಅವಳ ಸ್ಕೂಟರಿನ ಚಕ್ರ ಪಂಕ್ಚರಾಗಿ ತಡವಾಯಿತು. ಆ ರಾತ್ರಿ ಅವನಿಂದ ಹೋದ ಮೆಸೇಜು ಇಷ್ಟೇ: "ಬರಬೇಕಾದ್ದು 1.00. ಬಂದದ್ದು 1.09."

ಕೂಸಿಗೆ ಎಲ್ಲವೂ ಎರಡೆರಡಾಯಿತು. ಎರಡು ಹಲ್ಲುಜ್ಜುವ ಬ್ರಷ್ಷು, ಎರಡು ಎಣ್ಣೆ, ಎರಡು ಅಜ್ಜಿ. ಶನಿವಾರ ಮಧ್ಯಾಹ್ನ ಹರದನಹಳ್ಳಿಯಲ್ಲಿ ಶಿವರುದ್ರಮ್ಮ ಮೊಮ್ಮಗಳ ಕೆನ್ನೆ ಸವರಿ, "ಅಯ್ಯೋ ಶಿವನೇ, ಕೂಸು ಇಳುದೋಗದೆ. ಅಲ್ಲಿ ಏನಿಕ್ತಾರೋ ಏನೋ" ಎಂದು ಮುದ್ದೆಗೆ ತುಪ್ಪ ಸುರಿಯುತ್ತಿದ್ದಳು. ಭಾನುವಾರ ರಾತ್ರಿ ಗುಂಡ್ಲುಪೇಟೆಯಲ್ಲಿ ಯಶೋದಮ್ಮ ಅದೇ ಕೆನ್ನೆ ಸವರಿ ಅದೇ ಮಾತು ಆಡಿ ಒಬ್ಬಟ್ಟು ತಟ್ಟುತ್ತಿದ್ದಳು. ಹೀಗೆ ಇಳಿದೂ ಇಳಿದೂ ಕೂಸು ಏಳು ತಿಂಗಳಲ್ಲಿ ನಾಲ್ಕು ಕೆಜಿ ಏರಿತು. ತೆರಕಣಾಂಬಿಯ ಬೇಕರಿಯಲ್ಲಿ ಶನಿವಾರ ಒಂದು ಗಂಟೆಗೆ ಬೆಂಚು ಸಿಗುತ್ತಿರಲಿಲ್ಲ. ಇವರು ಇವತ್ತಾದರೂ ಮಾತಾಡುತ್ತಾರೋ ಇಲ್ಲವೋ ಎಂದು ನೋಡಲು ಬರುವವರೇ ಟೀ ಮೇಲೆ ಟೀ ಕುಡಿಯುತ್ತಿದ್ದರು.

ತೊಡಕು ಇದ್ದದ್ದು ಭಾನುವಾರದ ಐದು ಗಂಟೆಯಲ್ಲಿ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಆ ಹೊತ್ತಲ್ಲಿ ಹೆಣ್ಣುಕೂಸನ್ನು ಹೊಸಲು ದಾಟಿಸಲು ಶಿವರುದ್ರಮ್ಮ ಒಪ್ಪಳು. "ಲಿಂಗ ಕಟ್ಟಿದವರಿಗೆ ರಾಹು ಏನಮ್ಮ ಮಾಡ್ತಾನೆ?" ಎಂದು ಮಠದ ಬುದ್ಧಿಯವರೇ ಒಮ್ಮೆ ಕೇಳಿದ್ದರು. "ನಮ್ಗೇನೂ ಮಾಡಲ್ಲ ಬುದ್ಧೀ, ಅವ್ನ ಪಾಡ್ಗೆ ಅವ್ನು ಓಯ್ತಿರ್ತಾನೆ, ನಾವ್ಯಾಕೆ ಅಡ್ಡ ಬರದು?" ಎಂದಿದ್ದಳು. ದೇವರ ಮೇಲೆ ಭಕ್ತಿ, ರಾಹುವಿನ ಮೇಲೆ ಮರ್ಯಾದೆ. ಹಾಗಾಗಿ ಪ್ರತಿ ಭಾನುವಾರ ನಾಲ್ಕು ಹತ್ತಕ್ಕೆಲ್ಲ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಅಪ್ಪ ಮಗಳು ಬೈಕು ಹತ್ತಿಬಿಡುತ್ತಿದ್ದರು.

ಏಳನೆಯ ತಿಂಗಳ ಒಂದು ಭಾನುವಾರ, ಮದುವೆಗಳ ಕಾಲ, ಮೂರು ಗಂಟೆಗೆ ಪುಟ್ಟರಾಜು ಫೋನ್ ಮಾಡಿದ.

"ಸೋಮಣ್ಣ, ನನ್ ಹೆಂಡ್ತಿ ತಮ್ಮುಂದು ನಿಶ್ಚಿತಾರ್ಥ. ಮೂರೂವರೆಗೆ ನಾ ಎದ್ದೋಯ್ತೀನಿ. ಬಂದು ಕೂತ್ಕೋ."

"ಇವತ್ತು ಕೂಸು ಬುಡಕೋಗ್ಬೇಕು ಕಣ್ಲಾ ಪುಟ್ರಾಜು."

"ಅದ್ಕೆ ಅಂತ ನನ್ ಭಾಮೈದನ್ ನಿಶ್ಚಿತಾರ್ಥ ನಿಲ್ಸಕಾಯ್ತದಾ? ಬಾ ಅತ್ಲಾಗಿ."

ಈಗ ಅವನ ಮುಂದೆ ಮೂರು ದಾರಿ ಇದ್ದವು. ಮೇಜು ಖಾಲಿ ಬಿಡುವುದು ಒಂದು. ಬಸ್ಸು ಮಾಲೀಕರ ಸಂಘದ ಕಾರ್ಯದರ್ಶಿಗೆ ಹೇಳಿ ಬೇರೆ ಯಾರನ್ನಾದರೂ ಕೂರಿಸುವುದು ಇನ್ನೊಂದು. ಕಾವ್ಯಶ್ರೀಗೆ ಫೋನ್ ಮಾಡಿ, ತಡವಾಗುತ್ತದೆ, ತಪ್ಪಾಯಿತು ಎನ್ನುವುದು ಮೂರನೆಯದು. ಮೂರರಲ್ಲೂ ತಲೆ ತಗ್ಗಿಸಬೇಕಾಗಿತ್ತು. ಸೋಮೇಶ ನಾಲ್ಕನೆಯದನ್ನು ಕಂಡುಹಿಡಿದ.

ಆ ಕಡೆಯ ಬಸ್ಸುಗಳಲ್ಲಿ ಒಂದು ಪದ್ಧತಿ ಉಂಟು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಏನೇ ಕಳಿಸಬೇಕಾದರೂ ಕಂಡಕ್ಟರನ ಕೈಗೆ ಕೊಟ್ಟುಬಿಡುವುದು. ಮಾತ್ರೆ, ಊಟದ ಕ್ಯಾರಿಯರು, ಮರೆತುಹೋದ ಕನ್ನಡಕ, ಹೊಲಿದ ರವಿಕೆ, ಒಂದು ಸಲ ಬುಟ್ಟಿಯಲ್ಲಿ ಕಟ್ಟಿದ ಕೋಳಿಯೂ ಹೋಗಿದೆ. ತಲುಪಲಿಲ್ಲ ಎಂಬ ಮಾತು ಬಂದದ್ದಿಲ್ಲ. ಅದರಲ್ಲೂ ನಾಲ್ಕು ಇಪ್ಪತ್ತರ ಬಸ್ಸಿನ ದೊರೆಸ್ವಾಮಿ ಎಂದರೆ ಹಾಲಿನಂಥ ಮನುಷ್ಯ. ಅರವತ್ತರ ಹತ್ತಿರದವನು, ಹೆಣ್ಣುಮಕ್ಕಳನ್ನು "ತಾಯಿ" ಎನ್ನದೆ ಟಿಕೆಟ್ ಹರಿಯುವವನಲ್ಲ. ಮಾತ್ರೆ ಹೋಗುತ್ತದೆ, ಕೋಳಿ ಹೋಗುತ್ತದೆ, ಕೂಸು ಯಾಕೆ ಹೋಗಬಾರದು? ಐದಕ್ಕೆ ಸರಿಯಾಗಿ ತೆರಕಣಾಂಬಿಯಲ್ಲಿ ಇಳಿಸಿದರೆ ಹೊತ್ತೂ ತಪ್ಪಲಿಲ್ಲ, ರಾಹುವೂ ಸಿಗಲಿಲ್ಲ. ಫೋನ್ ಮಾಡಿ ಹೇಳಿದರೆ ಅವಳು ಬೇಡ ಎನ್ನುತ್ತಾಳೆ, ಹೇಳದಿದ್ದರೆ ಬೇಡ ಎನ್ನಲು ಹೊತ್ತಿರುವುದಿಲ್ಲ ಎಂಬ ಲೆಕ್ಕಾಚಾರವೂ ಒಳಗೇ ನಡೆದಿತ್ತು.

ಮೂರೂವರೆಗೆ ಮಗಳನ್ನು ಕರೆದುಕೊಂಡು ಬಂದು ಮೇಜಿನ ಹಿಂದೆ ಕೂತ. ನಾಲ್ಕು ಹದಿನೆಂಟಕ್ಕೆ ಅವಳನ್ನು ಡ್ರೈವರಿನ ಹಿಂದಿನ ಕಿಟಕಿ ಸೀಟಿನಲ್ಲಿ ಕೂರಿಸಿ, ಗುಲಾಬಿ ಬಣ್ಣದ ಬ್ಯಾಗನ್ನು ತೊಡೆಯ ಮೇಲಿಟ್ಟ.

"ದೊರೆಸ್ವಾಮಣ್ಣ, ಇವ್ಳನ್ನ ಅವ್ರವ್ವನ ಕೈಗೆ ಒಪ್ಪುಸ್ಬುಡು."

"ಆಗ್ಲಿ ಬುಡಿ, ನಮ್ ಕೂಸಲ್ವಾ" ಎಂದ ದೊರೆಸ್ವಾಮಿ. ಎಲ್ಲಿ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಹೇಳುವಷ್ಟರಲ್ಲಿ ನಾಲ್ಕು ಇಪ್ಪತ್ತಾಗಿತ್ತು. ಸೋಮೇಶ ಸೀಟಿ ಊದಿದ.

ಕೂಸಿಗೆ ಅದು ಹಬ್ಬ. ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡು ಬೈಕಿನಲ್ಲಿ ಹೋಗುವವಳಿಗೆ ಮೊದಲ ಸಲ ಇಡೀ ರಸ್ತೆ ಕಾಣುತ್ತಿತ್ತು. ಅರಿಸಿನದ ಹೊಲ, ಚೆಂಡುಹೂವಿನ ಹೊಲ, ಹಿಂದಕ್ಕೆ ಓಡುವ ತೆಂಗಿನ ಮರಗಳು. ತೆರಕಣಾಂಬಿ ಬಂದಾಗ ಬಸ್ಸಿನ ತುಂಬ ಮದುವೆ ಮುಗಿಸಿ ಬಂದ ಜನ. ದೊರೆಸ್ವಾಮಿ ಹಿಂದಿನ ಬಾಗಿಲಿಂದಲೇ ಕೂಗಿ ಕೇಳಿದ, "ತಾಯಿ, ನಿಮ್ಮವ್ವ ಎಲ್ಲವ್ಳೆ?"

"ಗುಂಡ್ಲುಪೇಟೇಲಿ" ಎಂದಿತು ಕೂಸು. ಸುಳ್ಳೇನಲ್ಲ. ಅವ್ವ ಇರುವುದು ಅಲ್ಲಿಯೇ. ಬಸ್ಸು ಹೊರಟಿತು. ಅಲ್ಲಿಂದ ಐವತ್ತು ಹೆಜ್ಜೆ ಆಚೆ, ಬೇಕರಿಯ ಮುಂದೆ ಸ್ಕೂಟರಿಗೆ ಒರಗಿ ನಿಂತಿದ್ದ ಕಾವ್ಯಶ್ರೀ ಬೈಕು ಬರುವ ದಾರಿಯನ್ನೇ ನೋಡುತ್ತಿದ್ದಳು. ಬಸ್ಸು ತನ್ನ ಮುಂದೆಯೇ ಧೂಳೆಬ್ಬಿಸಿಕೊಂಡು ಹೋದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದಳು.

ಐದು ಹದಿನೈದಕ್ಕೆ ಸೋಮೇಶನ ಫೋನು ಬಡಿದುಕೊಂಡಿತು. ಏಳು ತಿಂಗಳಲ್ಲಿ ಮೊದಲ ಸಲ ಕಾವ್ಯಶ್ರೀಯ ಕರೆ.

"ಎಲ್ಲಿದ್ದೀರಿ?"

"ಡ್ಯೂಟೀಲಿ."

"ಡ್ಯೂಟೀಲಿ ಅಂದ್ರೆ? ರಂಜು ಎಲ್ಲಿ?"

"ಐದು ಮೂರಕ್ಕೇ ಬಂದಿರ್ಬೇಕಲ್ಲ. ನಾಕು ಇಪ್ಪತ್ತರ ಬಸ್ಸಲ್ಲಿ ಕಳ್ಸಿವ್ನಿ."

ಆ ಕಡೆ ಸ್ಕೂಟರಿನ ಸ್ಟ್ಯಾಂಡು ಎತ್ತಿದ ಸದ್ದು.

"ಯಾರ ಜೊತೆ?"

"ದೊರೆಸ್ವಾಮಿ. ಒಳ್ಳೇವ್ರು."

ಸ್ಕೂಟರು ಗುಂಡ್ಲುಪೇಟೆ ಕಡೆಗೆ ಕೂಗಿಕೊಂಡು ಹೊರಟದ್ದು ಮಾತ್ರ ಫೋನಿನಲ್ಲಿ ಕೇಳಿಸಿತು. ಸೋಮೇಶ ದೊರೆಸ್ವಾಮಿಗೆ ಫೋನ್ ಮಾಡಿದ. ತೆಗೆಯಲಿಲ್ಲ. ಮತ್ತೆ ಮಾಡಿದ. ನಾಲ್ಕನೆಯ ಸಲಕ್ಕೆ ಎದ್ದು ನಿಂತ. ಬೈಕಿನ ಕಡೆ ಓಡಿದ. ಹಿಂದಿನಿಂದ ಯಾವನೋ ಡ್ರೈವರು, "ಟೈಮ್ ಬರ್ಕಳಿ ಸೋಮಣ್ಣ" ಎಂದು ಕೂಗಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೇಜಿನ ಹಿಂದೆ ಯಾರೂ ಇರಲಿಲ್ಲ.

ದಾರಿಯಲ್ಲಿ ಅವನು ಯಾವತ್ತೂ ಹೊಡೆಯದ ವೇಗದಲ್ಲಿ ಬೈಕು ಹೊಡೆದ. ಎಲ್ಲೋ ಇಳಿಸಿದ್ದರೆ, ಇಳಿದು ಯಾವುದೋ ಬಸ್ಸು ಹತ್ತಿದ್ದರೆ, ಅಲ್ಲಿಂದ ಕಾಡಿನ ರಸ್ತೆ, ಅದರಾಚೆ ಬೇರೆ ರಾಜ್ಯ. ಪಂಚಾಕ್ಷರಿ ಹೇಳಿಕೊಳ್ಳೋಣವೆಂದು ಎದೆಯ ಮೇಲಿನ ಕರಡಿಗೆಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಸೀಟಿ. ಅದನ್ನು ಸರಿಸಿ ಲಿಂಗ ಹುಡುಕುವುದಕ್ಕೆ ಹೊತ್ತಾಯಿತು. ಶಿವ ಕಾಯುತ್ತಾನೆ, ಅವನ ಹತ್ತಿರ ಹೊತ್ತು ಬರೆಯುವ ಪುಸ್ತಕವೇನೂ ಇಲ್ಲ.

ತೆರಕಣಾಂಬಿ ದಾಟುವಾಗ ದೊರೆಸ್ವಾಮಿಯೇ ಫೋನ್ ಮಾಡಿದ. "ಅದೇನ್ ಅಷ್ಟೊಂದ್ ಸಲ ಮಾಡಿದ್ದೀರಿ? ಜನದ ಗಲಾಟೇಲಿ ಕೇಳ್ನಿಲ್ಲ. ಕೂಸು ರಾಚಮ್ಮನ ಅಂಗ್ಡೀಲಿ ಮಡಗಿವ್ನಿ. ಅವ್ರವ್ವ ಬಂದು ಜಗ್ಳ ಆಡ್ತಾವ್ಳೆ. ಬಿರ್ನೆ ಬನ್ನಿ."

ರಾಚಮ್ಮನದು ಗುಂಡ್ಲುಪೇಟೆ ಬಸ್ ನಿಲ್ದಾಣದ ಮೂಲೆಯ ಹೂವಿನಂಗಡಿ. ಕಂಡಕ್ಟರುಗಳು ತಂದ ಸಾಮಾನುಗಳನ್ನು ವಾರಸುದಾರರು ಬರುವ ತನಕ ಕಾಯುವುದು ಅವಳ ಉಪಕಾರ. ಉಪಕಾರವೇ ಆದರೂ ಅದಕ್ಕೊಂದು ಕಟ್ಟುನಿಟ್ಟು ಇತ್ತು. ಕಳಿಸಿದವರು ಯಾರ ಹೆಸರು ಹೇಳುತ್ತಾರೋ ಅವರಿಗಷ್ಟೇ ಕೊಡುವುದು. ಒಮ್ಮೆ ಯಾರದೋ ಬಿ.ಪಿ. ಮಾತ್ರೆಯನ್ನು ಇನ್ಯಾರೋ ನುಂಗಿ ದೊಡ್ಡ ರಾದ್ಧಾಂತವಾದ ಮೇಲೆ ಅವಳು ಅದನ್ನು ಬಿಟ್ಟಿರಲಿಲ್ಲ. ಹೀಗಾಗಿ ಕಾವ್ಯಶ್ರೀ ಏದುಸಿರು ಬಿಡುತ್ತ ಬಂದು ಕೂಸಿನ ಕೈ ಹಿಡಿದಾಗ ರಾಚಮ್ಮ ಇನ್ನೊಂದು ಕೈ ಹಿಡಿದಿದ್ದಳು.

"ಬುಡಮ್ಮಿ ಕೈಯ. ಸೋಮಣ್ಣ ಕಳ್ಸಿರ ಕೂಸು. ನೀನ್ಯಾರು?"

"ನಾನು ಇವಳ ತಾಯಿ."

"ಎಲ್ರೂವೇ ಅಂಗೇ ಅನ್ನದು. ಓದ್ ವಾರ ಒಬ್ಳು ಬಂದು ಕನ್ನಡಕ ನಂದು ಅಂದ್ಲು. ಆಕ್ಕಂಡ್ರೆ ಕಣ್ಣೇ ಕಾಣ್ನಿಲ್ಲ ಅವ್ಳ್ಗೆ."

ಅಷ್ಟರಲ್ಲಿ ದೊರೆಸ್ವಾಮಿ ಫೋನ್ ಮುಗಿಸಿ ಬಂದು, ಇವರೇ ತಾಯಿ ಎಂದು ಸಾಕ್ಷಿ ಹೇಳಿದ ಮೇಲೆ ಮಗಳು ತಾಯಿಯ ಕೈ ಸೇರಿದಳು. ಸೋಮೇಶ ಬರುವಾಗ ಕೂಸು ಊಟದ ಕ್ಯಾರಿಯರು ಮತ್ತು ರವಿಕೆಯ ಪೊಟ್ಟಣದ ನಡುವೆ ಸ್ಟೂಲಿನ ಮೇಲೆ ಕೂತು ಕಾಕಡ ಹೂವು ಕಟ್ಟುತ್ತಿತ್ತು.

"ಅಪ್ಪಾಜಿ, ಕಿಟಕಿ ಸೀಟು ಚೆನ್ನಾಗಿತ್ತು. ನೀನೂ ಬರ್ಬೇಕಾಗಿತ್ತು" ಎಂದಿತು.

ಕಾವ್ಯಶ್ರೀ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಒಂಬತ್ತು ನಿಮಿಷ ತಡ ಆಗಿದ್ದಕ್ಕೆ ನನಗೆ ಮೆಸೇಜ್ ಹಾಕಿದ್ರಲ್ಲ. ಈಗ ಎಷ್ಟು ಅಂತ ಬರ್ಕೋತೀರಿ?" ಎಂದಳು. ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟಳು.

ಸಂಧಾನದ ಮುಂದಿನ ತಾರೀಖಿಗೆ ಇನ್ನೂ ಎಂಟು ದಿನವಿತ್ತು. ಆ ಎಂಟು ದಿನವೂ ಹರದನಹಳ್ಳಿಯ ಜಗಲಿಯಲ್ಲಿ ಅವನಿಗೆ ಪಾಠ ನಡೆಯಿತು. ಮರಿಮಲ್ಲಪ್ಪನವರು ಎಲೆ ಅಡಿಕೆ ಮೆಲ್ಲುತ್ತ ಉಪಾಯ ಹೇಳಿದರು.

"ನೀನೂ ಬಸ್ಸಲ್ಲೇ ಇದ್ದೆ ಅಂದ್ಬುಡ್ಲಾ. ನಿದ್ದೆ ಬಂದ್ಬುಟ್ಟಿತ್ತು, ತೆರಕಣಾಂಬಿ ಗೊತ್ತಾಗ್ನಿಲ್ಲ ಅನ್ನು. ನಿದ್ದೆ ಯಾರ್ಗ್ ಬರಲ್ಲ? ದೊರೆಸ್ವಾಮಿ ನಿನ್ ಮಾತ ತಗ್ದಾಕಲ್ಲ."

"ಪುಸ್ತಕದಲ್ಲಿ ನನ್ ಕೈಬರಹ ಅದೆ ದೊಡ್ಡಪ್ಪ. ಮೂರೂವರೆಯಿಂದ ಐದು ಹದಿನೈದರ ತನಕ."

"ಆ ಹಾಳೆ ಹರ್ದಾಕು. ಪುಟ್ರಾಜು ಕೈಲಿ ಬರ್ಸು."

ಸೋಮೇಶ ಮರುದಿನ ಮೇಜಿನ ಹಿಂದೆ ಕೂತು ಆ ಹಾಳೆಯನ್ನು ತೆರೆದು ನೋಡಿದ. ಒಂಬತ್ತು ವರ್ಷದಲ್ಲಿ ಅವನು ಹೆಂಡತಿಗೆ ನೂರು ಸುಳ್ಳು ಹೇಳಿದ್ದ. ಹೊರಟೆ ಎಂದು ಹೇಳಿ ಹೊರಟಿರಲಿಲ್ಲ, ಬಂದೆ ಎಂದು ಹೇಳಿ ಬಂದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಪುಸ್ತಕಕ್ಕೆ ಒಂದೂ ಹೇಳಿರಲಿಲ್ಲ. ಹಾಳೆಯ ಅಂಚನ್ನು ಹಿಡಿದವನು ಬಿಟ್ಟುಬಿಟ್ಟ. ಇತ್ತ ಕೂಸನ್ನು ನೋಡದ ಶನಿವಾರ ಒಂದು ಆಗಲೇ ಕಳೆದಿತ್ತು. ಕಾವ್ಯಶ್ರೀ ಕಳಿಸಿರಲಿಲ್ಲ, ಅವನು ಕೇಳಿರಲಿಲ್ಲ.

ತಾರೀಖಿನ ದಿನ ನಾಗಲಕ್ಷ್ಮಿ ಎಂದಿನಂತೆ ಕೇಳಿದರು, "ಏರ್ಪಾಡು ಹೇಗೆ ನಡೀತಿದೆ? ಏನಾದ್ರೂ ತಪ್ಪಿದೆಯಾ?"

ಕಾವ್ಯಶ್ರೀ ಕಿಟಕಿಯ ಕಡೆ ನೋಡಿ, "ಅವರೇ ಹೇಳ್ಲಿ ಮೇಡಮ್" ಎಂದಳು.

ಕೋಣೆಯ ಹೊರಗೆ ಮರಿಮಲ್ಲಪ್ಪನವರು ನಿದ್ದೆ ಎಂಬ ಮಾತಿಗಾಗಿ ಕಿವಿ ಕೊಟ್ಟು ಕಾದಿದ್ದರು. ಸೋಮೇಶ ಎದ್ದು ನಿಂತು, ಪುಸ್ತಕ ಓದುವವನ ಹಾಗೆ ಹೇಳತೊಡಗಿದ. "ಮೂರೂವರೆಗೆ ನಾನು ಡ್ಯೂಟಿಗೆ ಕೂತೆ ಮೇಡಮ್. ನಾಕು ಹದಿನೆಂಟಕ್ಕೆ ಕೂಸ್ನ ಬಸ್ಸಲ್ಲಿ ಕೂರ್ಸ್ದೆ. ಕಂಡಕ್ಟರ್ ಕೈಲಿ ಕೊಟ್ಟೆ. ಎಲ್ಲಿ ಇಳುಸ್ಬೇಕು ಅಂತ ಯೋಳ್ನಿಲ್ಲ. ಕಾವ್ಯಂಗೆ ಫೋನ್ ಮಾಡ್ನಿಲ್ಲ. ಮಾಡುದ್ರೆ ಬೇಡ ಅಂತಾಳೆ ಅಂತ ಗೊತ್ತಿತ್ತು, ಅದ್ಕೇ ಮಾಡ್ನಿಲ್ಲ. ಅವ್ರ ತಪ್ಪೇನಿಲ್ಲ. ಕಂಡಕ್ಟರ್ದೂ ಇಲ್ಲ."

ನಾಗಲಕ್ಷ್ಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಗೂನ ಪಾರ್ಸಲ್ ಕಳಿಸಿದ್ರಾ?"

"ಹೂಂ ಮೇಡಮ್."

ಎರಡು ತಿಂಗಳು ಶನಿವಾರ ಇಲ್ಲ ಎಂದಾಯಿತು. ಭಾನುವಾರ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಅವನೇ ಗುಂಡ್ಲುಪೇಟೆಗೆ ಹೋಗಿ ಮಗಳ ಜೊತೆ ಇರಬಹುದು. ಆಮೇಲೆ ತಾಯಿ ಒಪ್ಪಿದರೆ ಮುಂದಿನ ಮಾತು. ಮರಿಮಲ್ಲಪ್ಪನವರು ದಾರಿಯುದ್ದಕ್ಕೂ, "ನಿಜ ಯೋಳಿ ಕೆಟ್ಟಲ್ಲೋ, ಸುಳ್ ಯೋಳಕೂ ಒಂದು ಯೋಗ್ತಿ ಬೇಕು ಬುಡು" ಎಂದು ಗೊಣಗಿದರು. ಶಿವರುದ್ರಮ್ಮ ಎರಡು ದಿನ ಮಗನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಪೂಜೆ ಮುಗಿಸಿ ವಿಭೂತಿ ಗಟ್ಟಿಯನ್ನು ಒಂದು ಕಾಗದದಲ್ಲಿ ಕಟ್ಟಿ ಅವನ ಮುಂದಿಟ್ಟು, "ಕೂಸಿನ ಹಣೆಗೆ ಹಚ್ಚು" ಎಂದಷ್ಟೇ ಹೇಳಿದಳು.

ಈಗ ಪುಟ್ಟರಾಜುವನ್ನು ನಂಬುವ ಹಾಗಿರಲಿಲ್ಲ. ಸೋಮೇಶ ಜೀವ ಗಟ್ಟಿ ಮಾಡಿಕೊಂಡು ಸಂಘದ ಕಾರ್ಯದರ್ಶಿಯ ಮುಂದೆ ಹೋಗಿ ನಿಂತ.

"ಸಾರ್, ಭಾನುವಾರ ನಂಗೆ ರಜೆ ಬೇಕಾಗಿತ್ತು."

"ಯಾವ ಭಾನುವಾರ?"

"ಎಲ್ಲ ಭಾನುವಾರ."

"ತಗೋ" ಎಂದು ಕಾರ್ಯದರ್ಶಿ ಪತ್ರಿಕೆಯ ಪುಟ ತಿರುಗಿಸಿದರು. "ಹನ್ನೊಂದು ವರ್ಷದಿಂದ ಕೇಳ್ನೇ ಇಲ್ವಲ್ಲ ನೀನು. ನಿಂಗೆ ಮನೆ ಮಠ ಇಲ್ವೇನೋ ಅಂದ್ಕಂಡಿದ್ದೆ."

ಸೋಮೇಶ ಹೊರಗೆ ಬಂದು ಮೇಜಿನ ಹಿಂದೆ ಕೂತ. ಒಂದು ಬಸ್ಸು ಹೊರಡುವ ಹೊತ್ತು ದಾಟಿ ಮೂರು ನಿಮಿಷವಾದರೂ ಸೀಟಿ ಊದಲಿಲ್ಲ. ಡ್ರೈವರೇ ಇಳಿದು ಬಂದು, "ಉಸಾರಿಲ್ವಾ ಸೋಮಣ್ಣ?" ಎಂದು ಕೇಳಬೇಕಾಯಿತು.

ಮೊದಲ ಭಾನುವಾರ ಅವನು ಗುಂಡ್ಲುಪೇಟೆಯ ಮನೆಯ ಮುಂದೆ ಒಂಬತ್ತು ಇಪ್ಪತ್ತಕ್ಕೇ ಹೋಗಿ ನಿಂತ. ಯಶೋದಮ್ಮ ಮಹಡಿಯ ಕಿಟಕಿಯಿಂದ ಅವನನ್ನು ನೋಡಿದ್ದು ಅವನಿಗೂ ಕಂಡಿತು. ಬಾಗಿಲು ತೆರೆದದ್ದು ಹತ್ತಕ್ಕೆ. "ಹತ್ತು ಗಂಟೆ ಅಂತ ತಾನೇ ಬರ್ದಿರದು" ಎಂದಳು ಅತ್ತೆ.

ಮಗಳನ್ನು ಕೈಗೆ ಕೊಟ್ಟ ಮೇಲೆ ಇನ್ನೊಂದು ಸಂಕಟ. ಆರು ಗಂಟೆ ಹೊತ್ತು ಒಂದು ಕೂಸಿನ ಜೊತೆ ಏನು ಮಾಡಬೇಕೆಂದು ಅವನಿಗೆ ತಿಳಿಯದು. ಹರದನಹಳ್ಳಿಯಲ್ಲಾದರೆ ಅಮ್ಮ ನೋಡಿಕೊಳ್ಳುತ್ತಿದ್ದಳು, ಅವನು ಪಕ್ಕದಲ್ಲಿ ಮಲಗಿದರೆ ಸಾಕಿತ್ತು. ಹನ್ನೊಂದು ಗಂಟೆಯೊಳಗೆ ಅವನಿಗೆ ಗೊತ್ತಿದ್ದ ಮಾತೆಲ್ಲ ಮುಗಿಯಿತು. ಆಮೇಲೆ ಕೇಳಲು ಶುರು ಮಾಡಿದ. ಬೋಂಡ ಅವಳಿಗೆ ಸೇರುವುದಿಲ್ಲ, ಎರಡು ವರ್ಷದಿಂದ ಅಪ್ಪ ಬೇಜಾರು ಮಾಡಿಕೊಳ್ಳಬಾರದೆಂದು ತಿನ್ನುತ್ತಿದ್ದಳು. ಶಾಲೆಯಲ್ಲಿ ಭಾನು ಎಂಬವಳು ಗೆಳತಿ. ಲಾರಿಗಳ ಹಿಂದಿನ ಮಲಯಾಳದ ಅಕ್ಷರಗಳಲ್ಲಿ ಆರು ಅವಳಿಗೆ ಬರುತ್ತವೆ. ಎರಡನೆಯ ಭಾನುವಾರ ಇಬ್ಬರೂ ಬಸ್ಸು ಹತ್ತಿ ಬೇಗೂರಿಗೆ ಹೋಗಿ ಸುಮ್ಮನೆ ವಾಪಸು ಬಂದರು, ಕಿಟಕಿ ಸೀಟಿಗಾಗಿ. ಇಷ್ಟೆಲ್ಲ ತನ್ನ ಮನೆಯಲ್ಲೇ ಇದ್ದಾಗ ಯಾಕೆ ಕಾಣಲಿಲ್ಲ ಎಂದು ಸೋಮೇಶನಿಗೆ ಅನ್ನಿಸಿತು. ಕಾಣುವುದಕ್ಕೆ ಮನೆಯಲ್ಲಿ ಇರಬೇಕಲ್ಲ ಎಂದೂ ಅನ್ನಿಸಿತು.

ಐದನೆಯ ಭಾನುವಾರ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಕೂಸಿನ ಮುಂದಿನ ಹಲ್ಲು ಅವನ ಅಂಗೈಗೆ ಬಿತ್ತು. ಅವನು ಗಾಬರಿಯಾಗಿ ನೇರ ಫೋನ್ ಮಾಡಿದ. ಮೆಸೇಜು ನೆನಪಾಗಲಿಲ್ಲ.

"ಕಾವ್ಯಾ, ಹಲ್ಲು ಬಿತ್ತು."

"ಯಾರದು?"

"ಕೂಸಿಂದು. ರಕ್ತ ಬತ್ತಾ ಅದೆ. ಏನ್ಮಾಡ್ಲಿ?"

"ನೀರು ಮುಕ್ಕಳಿಸೋಕೆ ಹೇಳಿ. ಹಲ್ಲು ಎಸೀಬೇಡಿ, ಮನೆಗೆ ತನ್ನಿ."

ನಾಲ್ಕು ಗಂಟೆಗೆ ಹಲ್ಲು ಕಾಗದದಲ್ಲಿ ಮನೆಗೆ ಬಂತು. ಮೊದಲು ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕು, ಆಗ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಯಶೋದಮ್ಮ ಮೆಟ್ಟಿಲಲ್ಲಿ ನಿಂತು ತಲೆಯೆತ್ತಿ ನೋಡಿದಳು. ಬಾಡಿಗೆ ಮನೆ, ಮೇಲೆ ತಾರಸಿ, ತಾರಸಿಯ ಮೇಲೆ ಮಾಲೀಕರ ನೀರಿನ ಟ್ಯಾಂಕು. ಅಕ್ಕಪಕ್ಕದಲ್ಲೂ ಎಲ್ಲ ತಾರಸಿಯೇ.

"ಎಲ್ಲಿಗ್ ಎಸಿಯದು? ಈ ಬೀದೀಲಿ ಒಂದು ಹೆಂಚಿಲ್ಲ" ಎಂದಳು ಯಶೋದಮ್ಮ.

"ಹರದನಹಳ್ಳಿ ಮನೇದು ನಾಡಹೆಂಚು" ಎಂದ ಸೋಮೇಶ. ಹೇಳಿ, ಹೇಳಬಾರದಿತ್ತೇನೋ ಎನ್ನಿಸಿ, ಕಾಗದವನ್ನು ಕಾವ್ಯಶ್ರೀಯ ಕಡೆ ನೀಡಿದ.

ಕಾವ್ಯಶ್ರೀ ತೆಗೆದುಕೊಳ್ಳಲಿಲ್ಲ. ಮೆಡಿಕಲ್ ಸ್ಟೋರಿನಿಂದ ಆಗಷ್ಟೇ ಬಂದಿದ್ದಳು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಗೋಡೆಗೆ ಒರಗಿ ಕಣ್ಣು ಉಜ್ಜಿಕೊಂಡಳು.

"ಶನಿವಾರ ಕರ್ಕೊಂಡು ಹೋಗಿ ಎಸೆಸಿ."

"ಎಸೆಸಿ ಸಂಜೆಗೇ ವಾಪಸ್ ತಂದ್ಬುಡ್ಲಾ?"

"ಭಾನುವಾರ ತನ್ನಿ. ಮೇಡಮ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನನಗೂ ವಾರದಲ್ಲಿ ಒಂದು ದಿನ ನಿದ್ದೆ ಬೇಕು. ಇವಳು ಕಾಲೆತ್ತಿ ಹೊಟ್ಟೆ ಮೇಲೆ ಹಾಕ್ತಾಳೆ."

ಸೋಮೇಶ ಹಲ್ಲಿನ ಕಾಗದವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಕೂಸು ಬಾಯಿ ತೆರೆದು ಖಾಲಿ ಜಾಗಕ್ಕೆ ನಾಲಿಗೆ ಹಾಕಿ ನೋಡುತ್ತಿತ್ತು.

"ಬಸ್ಸಲ್ಲಿ ಹೋಗದಾ ಅಪ್ಪಾಜಿ?"

"ಬಸ್ಸಲ್ಲೇ ಹೋಗನ ಕಣಮ್ಮಿ. ನಾನೂ ಬತ್ತೀನಿ."

"ಆಗ ಕಿಟಕಿ ಸೀಟು ನಂಗೇ" ಎಂದಿತು ಕೂಸು.